ಹದಿನಾಲ್ಕನೆಯ ಚೌಕ

ಚರ್ಚಿನ ಸಭೆಯಲ್ಲಿ ಪ್ರಸಾದದ ರೊಟ್ಟಿಯ ತಟ್ಟೆ ಎರಡನೆಯ ಸಾಲು ಮುಗಿಸಿ ತಮ್ಮ ಸಾಲಿಗೆ ತಿರುಗಿದ್ದನ್ನು ಕಂಡಾಗ ಇವತ್ತು ತೆಗೆದುಕೊಳ್ಳಬಾರದು ಎಂದುಕೊಂಡ ಥೇನ್ ಬೈಬಿ. ಹೋದ ವಾರವೂ ಹೀಗೇ ಅಂದುಕೊಂಡಿದ್ದ. ಅಂದುಕೊಳ್ಳುವುದಕ್ಕೇನು, ಯಾರಪ್ಪನ ಗಂಟೂ ಹೋಗುವುದಿಲ್ಲ. ತಟ್ಟೆ ಕೈಗೆ ಬಂದಾಗ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಳ್ಳದೆ ಪಕ್ಕದವರಿಗೆ ದಾಟಿಸಿದರೆ ಮುಗಿಯಿತು. ಮನಸ್ಸು ಚೊಕ್ಕವಿಲ್ಲದವರು ಹಾಗೆ ಮಾಡುವುದು ಇಲ್ಲಿನ ರೂಢಿ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೇಳುವುದಿಲ್ಲ, ನೋಡುತ್ತಾರೆ. ಹಿಂದಿನ ಸಾಲಿನ ಹೆಂಗಸರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಲೇ ನೋಡಬಲ್ಲರು. ಸಂಜೆಯೊಳಗೆ ಬೆಟ್ಟದ ಬುಡದ ಇಡೀ ಬಡಾವಣೆಗೆ ಸುದ್ದಿ ಮುಟ್ಟುತ್ತದೆ: ಮಗಳ ಮದುವೆಗೆ ಆರು ದಿನ ಇರುವಾಗ ಬ್ರದರ್ ಬೈಬಿ ರೊಟ್ಟಿ ಮುಟ್ಟಲಿಲ್ಲವಂತೆ. ಎಡಗಡೆ ಹೆಂಡತಿ ಮಾರ್ಲಾ ತಲೆ ತಗ್ಗಿಸಿ ಕೂತಿದ್ದಳು. ಬಲಗಡೆ ಮದುವಣಗಿತ್ತಿ ಬ್ರಿನ್ಲಿ ಉಂಗುರವನ್ನು ಬೆರಳಲ್ಲಿ ತಿರುಗಿಸುತ್ತ, ಬೆಳಕಿಗೆ ಹಿಡಿದು ನೋಡಿಕೊಳ್ಳುವ ಆಸೆಯನ್ನು ಹತ್ತಿಕ್ಕಿಕೊಂಡಿದ್ದಳು. ತಟ್ಟೆ ಬಂತು. ಬಿಳಿ ಅಂಗಿಯ ಹುಡುಗರು ಮುರಿದ ಚೂರುಗಳಲ್ಲಿ ಯಾವಾಗಲೂ ಒಂದೆರಡು ತೀರಾ ದೊಡ್ಡವಿರುತ್ತವೆ, ಒಂದೆರಡು ಪುಡಿ. ಥೇನ್ ಪುಡಿಯನ್ನು ಆರಿಸಿಕೊಂಡ. ಸಣ್ಣದು ತಿಂದರೆ ಸಣ್ಣ ಪಾಪ ಎಂಬ ಲೆಕ್ಕ ಯಾವ ಪುಸ್ತಕದಲ್ಲಿದೆಯೋ ಅವನಿಗೇ ಗೊತ್ತಿಲ್ಲ. ನುಂಗಿದ.

ತಿಂಗಳ ಮೊದಲ ಭಾನುವಾರ. ಎಲ್ಲರಿಗೂ ಎರಡು ಹೊತ್ತಿನ ಉಪವಾಸ. ಜೊತೆಗೆ ಯಾರು ಬೇಕಾದರೂ ಎದ್ದುಹೋಗಿ ಮೈಕಿನ ಮುಂದೆ ನಿಂತು ತನ್ನ ನಂಬಿಕೆಗೆ ಸಾಕ್ಷಿ ಹೇಳಬಹುದು. ಹಸಿದವರಿಗೆ ಅಳು ಬೇಗ ಬರುತ್ತದೆ ಎಂಬುದನ್ನು ಥೇನ್ ಚಿಕ್ಕಂದಿನಿಂದ ಕಂಡುಕೊಂಡಿದ್ದ. ವೇದಿಕೆಯ ಮೇಲೆ ಬಿಷಪ್ಪರ ಪಕ್ಕದಲ್ಲಿ ಅವರ ಸಹಾಯಕ ರೂಲನ್ ಟೋಲ್ಮನ್ ಎಡಗಾಲನ್ನು ಮುಂದಕ್ಕೆ ಚಾಚಿ ಕೂತಿದ್ದ. ಮೊಣಕಾಲಿನ ಕೆಳಗೆ ಅದು ಕಾಲಲ್ಲ, ಪ್ಯಾಂಟಿನೊಳಗಿನ ಲೋಹದ ಕೊಳವೆ, ತುದಿಗೊಂದು ಬೂಟು. ಬೂಟು ಮಾತ್ರ ಎರಡೂ ಒಂದೇ ಥರ ಹೊಳೆಯುತ್ತಿದ್ದವು, ಹೆಂಡತಿ ನೋರೀನ್ ಎರಡಕ್ಕೂ ಪಾಲಿಶ್ ಹಾಕುತ್ತಾಳೆ. ಥೇನನ ಕಿಸೆಯಲ್ಲಿ ಫೋನು ಮೆಲ್ಲಗೆ ಗುರುಗುಟ್ಟಿತು. ತೆಗೆದು ನೋಡಬೇಕಾಗಿರಲಿಲ್ಲ. 'ಹನ್ನೆರಡು ಇಪ್ಪತ್ತು, ಸಂದರ್ಶನ, ಬ್ರದರ್ ಟೋಲ್ಮನ್.' ಹೇಳುತ್ತಿದ್ದುದು ಅವನದೇ ಆ್ಯಪ್. ಬಾಣಂತಿಯ ಮನೆಗೆ ಯಾರು ಊಟ ಒಯ್ಯಬೇಕು, ಮನೆ ಬದಲಿಸುವವರ ಸಾಮಾನು ಯಾರು ಹೊರಬೇಕು, ವಿಧವೆಯರ ಅಂಗಳದ ಹಿಮ ಯಾರು ಎತ್ತಬೇಕು ಎಂದು ಇದೇ ಸಭೆಗೆಂದು ಹನ್ನೊಂದು ವರ್ಷದ ಹಿಂದೆ ಮನೆಯ ನೆಲಮಾಳಿಗೆಯಲ್ಲಿ ಕೂತು ಬರೆದದ್ದು. ಮುತ್ತಜ್ಜಂದಿರು ಬಯಲು ದಾಟಿ ತಳ್ಳಿಕೊಂಡು ಬಂದ ಗಾಡಿಯ ನೆನಪಿಗೆ 'ಕೈಗಾಡಿ' ಎಂದು ಹೆಸರಿಟ್ಟ. ಈಗ ಅದಕ್ಕೆ ಒಂದು ಗಾಜಿನ ಕಟ್ಟಡವಿದೆ, ತೊಂಬತ್ತು ಜನ ನೌಕರರಿದ್ದಾರೆ. ಪ್ರಾರ್ಥನೆಯ ಹೊತ್ತಿನಲ್ಲೂ ಒಡೆಯನ ತೊಡೆಗೆ ಚುಚ್ಚುವುದನ್ನು ಅದು ಬಿಟ್ಟಿಲ್ಲ.

ಶನಿವಾರ ಬ್ರಿನ್ಲಿಯ ಮದುವೆ ಈ ಚರ್ಚಿನಲ್ಲಲ್ಲ, ಇದೇ ಪಂಥದ ದೊಡ್ಡ ದೇವಾಲಯದೊಳಗೆ. ಒಳಗೆ ಹೋಗಲು ಚೀಟಿ ಬೇಕು. ಎರಡು ವರ್ಷಕ್ಕೊಮ್ಮೆ ಬಿಷಪ್ಪರ ಕಡೆಯವರೊಬ್ಬರ ಮುಂದೆ ಕೂತು, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ಸಹಿ ಮಾಡಿಸಿಕೊಳ್ಳಬೇಕು. ಆಮೇಲೆ ಮೇಲಿನವರೊಬ್ಬರ ಮುಂದೆ ಇನ್ನೊಂದು ಸಲ. ಥೇನನ ಚೀಟಿಯ ಅವಧಿ ಜನವರಿಗೇ ತೀರಿತ್ತು. ಚೀಟಿಯಿಲ್ಲದ ಅಪ್ಪಂದಿರು ಮಗಳ ಮದುವೆಯ ಹೊತ್ತಿಗೆ ಹೊರಗೆ ತೋಟದ ಕಲ್ಲು ಬೆಂಚಿನ ಮೇಲೆ ಕೂತಿರುತ್ತಾರೆ. ಅವನ ಸ್ವಂತ ಸೋದರಮಾವ ಹಾಗೆ ಕೂತಿದ್ದ. ಕಂದು ಸೂಟು, ತೊಡೆಯ ಮೇಲೆ ಹೆಂಡತಿಯ ಕೈಚೀಲ. ಹತ್ತು ವರ್ಷದ ಥೇನ್ ಅವನ ಪಕ್ಕ ಕೂತು, "ಮಾವ, ನೀವ್ಯಾಕೆ ಒಳಗೆ ಹೋಗಿಲ್ಲ?" ಎಂದು ಕೇಳಿದ್ದ. ಮಾವ, "ಒಳಗೆ ಸೆಖೆ ಕಣೋ" ಎಂದಿದ್ದ. ಸಿಗರೇಟು ಎಂದು ಆಮೇಲೆ ಅಮ್ಮ ಹೇಳಿದಳು. ಬರೀ ಸಿಗರೇಟು! ಸಿಗರೇಟು ಸೇದುವ ಮನುಷ್ಯ ಎಷ್ಟು ಸುಖಿ ಎಂದು ಈಗ ಥೇನನಿಗೆ ಅನ್ನಿಸುತ್ತದೆ. ಬಿಟ್ಟರೆ ಬಿಟ್ಟಂತೆ.

ಟೋಲ್ಮನ್ ಎದ್ದ. ಅವನು ಏಳಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಸಭೆ ತಾನಾಗಿ ಸದ್ದಡಗುತ್ತದೆ. ಮಕ್ಕಳನ್ನು ಗದರುವವರು ಗದರುವುದನ್ನು ನಿಲ್ಲಿಸುತ್ತಾರೆ. ಅವನ ಮಾತು ಎಲ್ಲರಿಗೂ ಬಾಯಿಪಾಠ, ಆದರೂ ಕೇಳುತ್ತಾರೆ. ಚಳಿಗೆ ಮನೆ ಬೆಚ್ಚಗಿಡುವ ಫರ್ನೇಸುಗಳ ರಿಪೇರಿ ಮಾಡಿಕೊಂಡಿದ್ದ ಮನುಷ್ಯ, ಮಾತಿನ ಮಲ್ಲನಲ್ಲ. ಅದಕ್ಕೇ ಅವನು ಹೇಳಿದ್ದನ್ನು ಜನ ನಂಬುತ್ತಾರೆ.

"ಜಾಸ್ತಿ ಮಾತಾಡಲ್ಲ," ಎಂದ ಟೋಲ್ಮನ್. "ಎರಡನೇ ದಿನ ಮಧ್ಯಾಹ್ನ ಇರ್ಬೇಕು. ಕಮರೀಲಿ ಬಿದ್ದಿದ್ದೆ, ಕಾಲು ಮುರಿದಿತ್ತು. ಇನ್ನು ಸಾಕು ಅಂತ ಕಣ್ಣು ಮುಚ್ಕೊಂಡಿದ್ದೆ, ಸುಳ್ಳು ಹೇಳಲ್ಲ. ಆಗ ಮೇಲ್ಗಡೆಯಿಂದ ದನಿ ಕೇಳಿಸ್ತು. ಗಂಡಸಿನ ದನಿ, ಮೆತ್ತಗೆ. ಏನ್ ಹೇಳ್ತಿದ್ರೋ ತಿಳೀಲಿಲ್ಲ. ನಾನು ಕೂಗ್ದೆ. ದನಿ ಒಂದ್ ಗಳಿಗೆ ನಿಲ್ತು. ನಾನು ಕೂಗಿದ್ದು ಅವರಿಗೆ ಕೇಳಿಸ್ತು ಅಂತ ಆಗ್ಲೇ ಗೊತ್ತಾಯ್ತು ನಂಗೆ. ಆಮೇಲೆ ಮತ್ತೆ ಹಾಗೇ ಮೆತ್ತಗೆ ಮಾತಾಡ್ತಾ ಮಾತಾಡ್ತಾ ದೂರ ಹೋಯ್ತು. ನಂಗೆ ಹೆದರಿಕೆ ಹೋಯ್ತು. ಇನ್ನೂ ಮೂರು ರಾತ್ರಿ ಕಳೆದೆ. ಅದು ಯಾರು ಅಂತ ನಾನು ಹೇಳಲ್ಲ. ಹೇಳೋಕೆ ನಾನ್ಯಾರು." ಯಾರೋ ಮೂಗು ಸೀಟಿಕೊಂಡರು. ಮಾರ್ಲಾಳ ಕೈ ಬಂದು ಥೇನನ ಕೈಯನ್ನು ಅಮುಕಿತು. ಅವಳ ಕಣ್ಣು ಒದ್ದೆಯಾಗಿತ್ತು. ಥೇನನ ಹೊಟ್ಟೆ ಜೋರಾಗಿ ಗುರ್ ಎಂದಿತು, ಬ್ರಿನ್ಲಿ ನಗು ತಡೆದುಕೊಂಡಳು.

ಐದು ತಿಂಗಳ ಹಿಂದಿನ ಆ ದಿನವೂ ಭಾನುವಾರ. ಅಕ್ಟೋಬರಿನ ಜಿಂಕೆ ಬೇಟೆ ಶುರುವಾದ ಮಾರನೆಯ ದಿನ. ಶನಿವಾರ ನಸುಕಿನಲ್ಲಿ ಬಂದೂಕು ಹಿಡಿದು ಹೋದ ಟೋಲ್ಮನ್ ಮರಳಿರಲಿಲ್ಲ. ಬಿಷಪ್ಪರು ಪ್ರಾರ್ಥನೆಯನ್ನೇ ಕೈಬಿಟ್ಟು, "ಇವತ್ತು ಬೆಟ್ಟವೇ ನಮ್ಮ ಚರ್ಚು" ಎಂದು ಗಂಡಸರನ್ನೆಲ್ಲ ಕರೆದುಕೊಂಡು ಹೊರಟರು. ನೂರಾ ಹತ್ತು ಜನ. ಥೇನ್ ಬೆಟ್ಟದ ನಕಾಶೆಯನ್ನು ಮೂವತ್ತೆರಡು ಚೌಕಗಳಾಗಿ ಸೀಳಿ ಎಲ್ಲರ ಫೋನಿಗೆ ಹಾಕಿದ. ಒಂದು ಚೌಕವನ್ನು ಪೂರ್ತಿ ನಡೆದು ನೋಡಿದವರು ಅದರ ಮೇಲೆ ಬೆರಳೊತ್ತಿದರೆ ಹಸಿರಾಗುತ್ತದೆ. ಹಸಿರಾದಲ್ಲಿಗೆ ಮತ್ತೊಬ್ಬರು ಹೋಗಬೇಕಾಗಿಲ್ಲ. ಟ್ರಕ್ಕಿನ ಬಾನೆಟ್ಟಿನ ಮೇಲೆ ಕೂತು ಅವನು ಇದನ್ನು ವಿವರಿಸಿದಾಗ ಷೆರಿಫನ ಕಡೆಯವನೊಬ್ಬ, "ಇಂಥದ್ದು ನಮ್ಮ ಹತ್ರ ಇಲ್ವಲ್ರೀ" ಎಂದ. ಆ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಮೇಲಿಂದ ಮೇಲೆ ಅದೇ ನೆನಪಾಗುತ್ತ, ಟೋಲ್ಮನ್ನನ ನೆನಪು ಆಗಾಗ ತಪ್ಪಿಹೋಗುತ್ತಿತ್ತು. ಹದಿನಾಲ್ಕನೆಯ ಚೌಕ ಕಡಿದಾಗಿತ್ತು. ಬೇರೆಯವರಿಗೆ ಯಾಕೆ ಕಷ್ಟ ಎಂದು ಅದನ್ನು ಅವನೇ ಇಟ್ಟುಕೊಂಡ. ಒಳ್ಳೆಯತನಕ್ಕೇ ಇಟ್ಟುಕೊಂಡ, ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಕುರುಚಲು ಓಕ್ ಗಿಡಗಳ ನಡುವೆ ಅರ್ಧ ಏರಿದ್ದ. ಗ್ಯಾರೆತ್ತನ ಫೋನು ಬಂತು. ಗ್ಯಾರೆತ್ ಅವನ ಪಾಲುದಾರ, ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಅವನಿಗೆ ಭಾನುವಾರವೂ ಒಂದೇ ಮಂಗಳವಾರವೂ ಒಂದೇ. ದೊಡ್ಡದೊಂದು ಸಂಸ್ಥೆಯವರು ಕೈಗಾಡಿಗೆ ಬಂಡವಾಳ ಹಾಕುವ ಮಾತು ನಡೆದಿತ್ತು. ಭಾನುವಾರ ವ್ಯವಹಾರದ ಮಾತಾಡಬಾರದು. ಥೇನ್ ಮೂವತ್ತು ವರ್ಷ ಆಡಿರಲಿಲ್ಲ, ಆಡುವವರ ಬಗ್ಗೆ ಯುವಕರಿಗೆ ಪಾಠವನ್ನೂ ಹೇಳಿದ್ದ. ಬಲಗಡೆಯ ಚೌಕದಲ್ಲಿ ಸಭೆಯ ನಾಲ್ಕು ಜನ ನಡೆಯುತ್ತಿದ್ದರು. ಅವರ ಕಿವಿಗೆ ಬಿದ್ದರೆ ಮಾನ ಹೋಗುತ್ತದೆ ಎಂದು ಎಡಕ್ಕೆ ಸರಿದು, ಕಮರಿಯ ಅಂಚಿನಲ್ಲಿ ಬಂಡೆಗೆ ಬೆನ್ನು ಕೊಟ್ಟು, ದನಿ ತಗ್ಗಿಸಿ ಮಾತಾಡಿದ. ಮೆತ್ತಗೆ. ತನ್ನ ದನಿ ಅಷ್ಟು ಮೆತ್ತಗಾಗಬಲ್ಲದೆಂದು ಅವನಿಗೇ ಗೊತ್ತಿರಲಿಲ್ಲ. ಮಧ್ಯದಲ್ಲೊಮ್ಮೆ ಕೆಳಗಿನಿಂದ ಏನೋ ಸದ್ದು ಬಂತು. ಮಾತು ನಿಲ್ಲಿಸಿದ. "ಹಲೋ, ಇದೀಯಾ?" ಎಂದ ಗ್ಯಾರೆತ್. "ಇದೀನಿ," ಎಂದು ಮುಂದುವರಿಸಿದ. ಅದು ಹಕ್ಕಿ. ಕಾಗೆಯೋ, ಮ್ಯಾಗ್‌ಪೈಯೋ. ಆ ಕಮರಿಯಲ್ಲಿ ಬೇಕಾದಷ್ಟು ಹಕ್ಕಿಗಳಿವೆ. ನಲವತ್ತು ನಿಮಿಷವಾದ ಮೇಲೆ ನೋಡಿದರೆ ಫೋನಿನಲ್ಲಿ ಸುತ್ತಲಿನ ಚೌಕಗಳೆಲ್ಲ ಹಸಿರು, ಹದಿನಾಲ್ಕು ಒಂದೇ ಬಿಳಿ, ಕೆಳಗೆ ಎಲ್ಲರೂ ಅದಕ್ಕಾಗಿ ಕಾಯುತ್ತಿದ್ದರು. ಮಾತಾಡುತ್ತ ಅಂಚಿನುದ್ದಕ್ಕೂ ನಡೆದಿದ್ದೇನಲ್ಲ, ಕೆಳಗೆ ಇಣುಕಿಯೂ ಇದ್ದೇನೆ ಎಂದುಕೊಂಡ. ಬೆರಳೊತ್ತಿದ.

ಬುಧವಾರ ಬೆಳಿಗ್ಗೆ ಪಕ್ಕದ ಜಿಲ್ಲೆಯಿಂದ ಕುದುರೆ ಏರಿ ಹುಡುಕಲು ಬಂದ ನಾಲ್ಕಾರು ಮುದುಕರಿಗೆ ಟೋಲ್ಮನ್ ಸಿಕ್ಕಿದ. ಹದಿನಾಲ್ಕನೆಯ ಚೌಕದಲ್ಲಿ. ಆ ಮುದುಕರ ಹತ್ತಿರ ಆ್ಯಪ್ ಇರಲಿಲ್ಲ, ಅಲ್ಲಿ ಹುಡುಕಿ ಆಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ದಿನ ಮೊದಲು ಸಿಕ್ಕಿದ್ದರೆ ಪಾದ ಉಳಿಸಬಹುದಿತ್ತು ಎಂದು ಡಾಕ್ಟರು ಕಾರಿಡಾರಿನಲ್ಲಿ ಹೇಳುವಾಗ ಥೇನ್ ಕೈಯಲ್ಲಿ ಹೂಗುಚ್ಛ ಹಿಡಿದು ಅಲ್ಲೇ ನಿಂತಿದ್ದ. ನಾನು ಬಿದ್ದ ಕಡೆಯಿಂದ ಅಲ್ಲಾಡಿರಲಿಲ್ಲ ಎಂದ ಟೋಲ್ಮನ್. ಭಾನುವಾರ ಬ್ರದರ್ ಬೈಬಿ ಖುದ್ದಾಗಿ ನೋಡಿದ ಜಾಗ ಅದು, ನೀವು ಆಮೇಲೆ ತೆವಳಿಕೊಂಡು ಅಲ್ಲಿಗೆ ಬಂದಿದ್ದೀರಿ ಎಂದರು ಎಲ್ಲರೂ. ಚಳಿಯಲ್ಲಿ ತಲೆ ಮಂಕಾಗುತ್ತದೆ ಎಂದು ಡಾಕ್ಟರೂ ದನಿಗೂಡಿಸಿದರು. ಟೋಲ್ಮನ್ ಸ್ವಲ್ಪ ದಿನ ವಾದ ಮಾಡಿ ಸುಮ್ಮನಾದ. ಕಮರಿಯಲ್ಲಿ ಕೇಳಿಸಿದ ದನಿ ದೇವದೂತನದೇ ಎಂದು ನಂಬಿದ ಜನ ಅವನ ಈ ಮಾತನ್ನು ನಂಬಲಿಲ್ಲ.

ಥೇನ್ ಮಾಡದ ಸೇವೆಯಿಲ್ಲ. ಟೋಲ್ಮನ್ನನ ಮನೆಯ ಮೆಟ್ಟಿಲಿಗೆ ಇಳಿಜಾರು ಹಲಗೆ ಹಾಕಲು ಮೂರು ಶನಿವಾರ ಸುತ್ತಿಗೆ ಹಿಡಿದ. ಹೊಸ ಕಾಲಿನ ಅಭ್ಯಾಸಕ್ಕೆ ವಾರಕ್ಕೆರಡು ಸಲ ಕಾರಿನಲ್ಲಿ ಒಯ್ದ. ಅವನ ಕಾರು ಬಂದಾಗಲೆಲ್ಲ ಟೋಲ್ಮನ್ ಬಾಗಿಲಿನಿಂದಲೇ, "ನೋರೀನ್, ನನ್ನ ಎಡಗಾಲು ಬಂತು ನೋಡೇ" ಎಂದು ಕೂಗಿ ನಗುತ್ತಿದ್ದ. ಥೇನನೂ ನಗಬೇಕಾಗುತ್ತಿತ್ತು. ನೋರೀನ್ ಪೀಚ್ ಹಣ್ಣಿನ ಬಾಟಲಿಗಳನ್ನು ತಂದು ಕಾರಿನ ಹಿಂದಿನ ಸೀಟಿನಲ್ಲಿಡುತ್ತಿದ್ದಳು; ಅವನ ಗ್ಯಾರೇಜಿನಲ್ಲಿ ಅಂಥ ಹತ್ತೊಂಬತ್ತು ಬಾಟಲಿಗಳಿವೆ, ಒಂದನ್ನೂ ಅವನು ತೆರೆದಿಲ್ಲ. ಕೈಗಾಡಿಯ ಹೊಸ ಆವೃತ್ತಿಯಲ್ಲಿ ಹೆಜ್ಜೆಗಳ ಗುರುತು ಚೌಕದ ತುಂಬ ಮೂಡದೆ ಹಸಿರಾಗುವುದೇ ಇಲ್ಲ. ಆ ಕಟ್ಟುನಿಟ್ಟನ್ನು ಅವನೇ ಕೂತು ಹಾಕಿಸಿದ. ಹನ್ನೊಂದು ರಾಜ್ಯದವರು ಅದನ್ನು ಮೆಚ್ಚಿ ಕೊಂಡರು. "ಮನುಷ್ಯರನ್ನು ನಂಬಲ್ವಾ ನೀವು?" ಎಂದು ಸಮಾರಂಭವೊಂದರಲ್ಲಿ ಯಾರೋ ತಮಾಷೆ ಮಾಡಿದಾಗ ಅವನು ತಲೆ ತಗ್ಗಿಸಿ ನೀರಿನ ಲೋಟ ಎತ್ತಿಕೊಂಡ, ಅದನ್ನೂ ವಿನಯ ಎಂದುಕೊಂಡರು.

ಒಂದು ಸಲ ಮಾರ್ಲಾಳಿಗೆ ಹೇಳಲು ಹೋಗಿದ್ದ. ಕಿರಾಣಿ ಅಂಗಡಿಯ ಮುಂದೆ, ಕಾರಿನಲ್ಲಿ. "ಅವತ್ತು ಬೆಟ್ಟದಲ್ಲಿ ನಾನು ಪೂರ್ತಿ ನಡೆದಿರಲಿಲ್ಲ ಅನ್ಸುತ್ತೆ ಮಾರ್ಲಾ."

"ಯಾರು ನಡೆದಿದ್ರು? ಬ್ರದರ್ ಕ್ರಂಪ್ ಅರ್ಧ ದಾರೀಲಿ ಕೂತ್ಕೊಂಡು ಸ್ಯಾಂಡ್‌ವಿಚ್ ತಿಂದ್ರಂತೆ."

"ಅದಲ್ಲ..."

"ಥೇನ್, ನೀನು ಎಲ್ಲಾದನ್ನೂ ನಿನ್ನ ತಲೆಮೇಲೇ ಹಾಕ್ಕೊಳ್ತೀಯ. ಅದೇ ನಿನ್ನ ರೋಗ. ಮೊಟ್ಟೆ ತರೋದು ಮರೀಬೇಡ." ಅವಳು ಅವನ ಕೆನ್ನೆ ತಟ್ಟಿದಳು. ಅವಳಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ಮೊಟ್ಟೆಯ ಮಾತೆತ್ತಿದಳೋ, ಅಂದಿನಿಂದ ಅವನಿಗೆ ತಿಳಿಯುತ್ತಿಲ್ಲ. ಇಪ್ಪತ್ತನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳ ಮುಖ ನೋಡಿ ಇಷ್ಟೂ ತಿಳಿಯದಿರುವುದು ಅವಮಾನವೇ.

ಸಭೆ ಮುಗಿದು ಕಾರಿಡಾರಿಗೆ ಬಂದಾಗ ನೋರೀನ್ ಟೋಲ್ಮನ್ ಎದುರಾದಳು. ಪಕ್ಕದಲ್ಲಿ ಮಗ ಕೋಲ್ಬಿ. ಐದು ವರ್ಷ ಚರ್ಚಿನ ಕಡೆ ತಲೆಹಾಕದೆ, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡು, ಅಮ್ಮನ ಫೋನು ಎತ್ತದೆ ಓಡಾಡಿಕೊಂಡಿದ್ದವನು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಅಪ್ಪನ ಬಾಯಿಂದ ಆ ದನಿಯ ಕಥೆ ಕೇಳಿ ಅಲ್ಲೇ ಮಂಡಿಯೂರಿ ಅತ್ತನಂತೆ. ಈಗ ಬಿಳಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಗುಂಡಿ ಹಾಕಿಕೊಂಡು ನಿಂತಿದ್ದ.

"ಬ್ರದರ್ ಬೈಬಿ, ಕೇಳಿದ್ರಾ? ಇವನಿಗೆ ಪೆರಾಗ್ವೆ ದೇಶಕ್ಕೆ ಕರೆ ಬಂದಿದೆ. ಎರಡು ವರ್ಷ ಧರ್ಮಸೇವೆಗೆ. ಮೇ ತಿಂಗಳಲ್ಲಿ ಹೊರಡ್ತಾನೆ." ನೋರೀನಳ ಮುಖ ಅರಳಿತ್ತು. ಅವಳು ಥೇನನ ತೋಳು ಹಿಡಿದು ಪಕ್ಕಕ್ಕೆಳೆದು ದನಿ ತಗ್ಗಿಸಿದಳು. "ನಿಮ್ಮ ಹತ್ರ ಒಂದು ಮಾತು. ಒಳಗೆ ಇವ್ರು ಏನಾದ್ರೂ ಹೇಳಿದ್ರೆ ಸುಮ್ನೆ ಹೂಂ ಅಂದ್ಬಿಡಿ. ನಿನ್ನೆ ಮತ್ತೆ ಅದೇ ಶುರು ಮಾಡಿದ್ರು, ನಾನು ಅಲ್ಲೇ ಇದ್ದೆ, ಅಲ್ಲಾಡಿರ್ಲಿಲ್ಲ ಅಂತ. ಬ್ರದರ್ ಬೈಬಿ ಬಂದು ನೋಡಿದಾರಲ್ರೀ ಅಂದ್ರೆ, ಎದ್ದು ಹೋಗಿ ಗ್ಯಾರೇಜಿನಲ್ಲಿ ಕೂತ್ರು. ತಲೆ ಪರೀಕ್ಷೆ ಮಾಡಿಸೋಣ ಅಂತ ಡಾಕ್ಟರ ಹತ್ರ ಗುರುವಾರಕ್ಕೆ ಹೆಸರು ಬರೆಸಿದೀನಿ. ಅವ್ರಪ್ಪನಿಗೂ ಅರವತ್ತಕ್ಕೇ ಮರೆವು ಶುರುವಾಗಿತ್ತು."

"ಇಲ್ಲ, ಅವರಿಗೆ ಏನೂ ಆಗಿಲ್ಲ," ಎಂದ ಥೇನ್.

"ನಿಮ್ಮ ಬಾಯಲ್ಲಿ ಹಾಗೇ ಬರ್ಲಿ," ಎಂದಳು ನೋರೀನ್.

ಕೋಲ್ಬಿ ಕೈ ಚಾಚಿ ಗಟ್ಟಿಯಾಗಿ ಕುಲುಕಿದ. ಬ್ರಿನ್ಲಿ ದೂರದಿಂದ ಗಡಿಯಾರ ತೋರಿಸಿ, "ಡ್ಯಾಡ್, ಹೋಗು, ಆಮೇಲೆ ಮನೇಲಿ ನೆಂಟ್ರು ಕಾಯ್ತಿರ್ತಾರೆ" ಎಂದಳು. ಥೇನ್ ಹೋದ. ಒಂದು ತೀರ್ಮಾನಕ್ಕೆ ಬಂದಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಕಾಲುಗಳು ಹೋದವು.

ಚಿಕ್ಕ ಕೋಣೆ. ಒಂದು ಮೇಜು, ಎರಡು ಕುರ್ಚಿ. ಟೋಲ್ಮನ್ ಎದ್ದು ನಿಲ್ಲಲು ನೋಡಿ, ಥೇನ್ ಬೇಡವೆಂದು ಕೈ ಮಾಡಿದ ಮೇಲೆ ಕೂತುಕೊಂಡ. ಕಣ್ಣು ಮುಚ್ಚಿ ಸಣ್ಣದೊಂದು ಪ್ರಾರ್ಥನೆ ಹೇಳಿದ, ಮಗಳ ಮದುವೆಗೆ ಒಳ್ಳೆಯ ಬಿಸಿಲು ಬರಲೆಂದು ಅದರಲ್ಲೇ ಸೇರಿಸಿದ. ಆಮೇಲೆ ಕನ್ನಡಕ ಏರಿಸಿ ಕಾಗದ ನೋಡಿ ಓದತೊಡಗಿದ. ದೇವರಲ್ಲಿ ನಂಬಿಕೆ ಉಂಟೇ? ಉಂಟು. ಅವನ ಮಗನಲ್ಲಿ? ಉಂಟು. ಮನೆಯವರೊಂದಿಗೆ ನಡತೆ ಸರಿಯಾಗಿದೆಯೇ? ಇದೆ. ಇಷ್ಟು ವರ್ಷ ಈ ಪ್ರಶ್ನೆಗಳಿಗೆ ಹೌದು ಹೌದು ಎಂದು ಹೇಳುವಾಗ ಒಂದು ಬಗೆಯ ಸುಖವಿತ್ತು, ಒಳಗೊಳಗೇ ಬೆನ್ನು ತಟ್ಟಿಕೊಂಡಂತೆ. ಗೋಡೆಯಾಚೆ ಎಲ್ಲೋ ಚರ್ಚಿನ ಫರ್ನೇಸ್ ಗುಂಯ್ಗುಡುತ್ತಿತ್ತು.

"ನೀವು ಮಾಡೋ ಎಲ್ಲದ್ರಲ್ಲೂ ಪ್ರಾಮಾಣಿಕವಾಗಿರೋಕೆ ಪ್ರಯತ್ನ ಮಾಡ್ತೀರಾ?"

"ಇಲ್ಲ."

ಟೋಲ್ಮನ್ ಮುಂದಿನ ಪ್ರಶ್ನೆಗೆ ಬೆರಳು ಸರಿಸಿಬಿಟ್ಟಿದ್ದ. ತಲೆಯೆತ್ತಿ ನಕ್ಕ. "ಟ್ಯಾಕ್ಸ್ ಕಟ್ಟೋ ವಿಷ್ಯಾನಾ? ನನ್ನ ಹತ್ರ ಹೇಳ್ಬೇಡಿ ಮಾರಾಯ್ರೆ, ನಂಗೆ ತಲೆಬುಡ ಅರ್ಥವಾಗಲ್ಲ."

"ಹದಿನಾಲ್ಕು ನಾನು ನಡೀಲಿಲ್ಲ," ಎಂದ ಥೇನ್. ಹೇಳುತ್ತಿದ್ದ ಹಾಗೆ ಅದು ಎಷ್ಟು ಚಿಕ್ಕ ವಾಕ್ಯ ಎನ್ನಿಸಿತು. "ಅರ್ಧ ಹತ್ತಿದ್ದೆ. ಫೋನು ಬಂತು, ವ್ಯವಹಾರದ್ದು. ಭಾನುವಾರ ಅಲ್ವಾ, ಬೇರೆಯವ್ರಿಗೆ ಕೇಳಿಸ್ಬಾರ್ದು ಅಂತ ಕಮರಿ ಅಂಚಿಗೆ ಹೋದೆ. ಮೆತ್ತಗೆ ಮಾತಾಡ್ದೆ. ನಲವತ್ತು ನಿಮಿಷ. ಆಮೇಲೆ ಹಸಿರು ಒತ್ತಿ ಇಳ್ದೆ." ಟೋಲ್ಮನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನಿಗೆ ಇನ್ನೂ ಅರ್ಥವಾಗಿಲ್ಲ ಎಂದು ಕಂಡಿತು, ಅಥವಾ ಅರ್ಥವಾಗಲು ಅವನು ಒಪ್ಪುತ್ತಿಲ್ಲ. "ಬ್ರದರ್ ಟೋಲ್ಮನ್, ಆ ದನಿ ನಂದು."

ಟೋಲ್ಮನ್ ಗೋಡೆಯ ಕಡೆ ಕಿವಿಗೊಟ್ಟ. "ಬೇರಿಂಗ್ ಹೋಗಿದೆ," ಎಂದ. "ಕೇಳಿ. ಆ ಸದ್ದು. ನವೆಂಬರಿನಲ್ಲೇ ಹೇಳಿದ್ದೆ ಅವ್ರಿಗೆ, ಬದಲಾಯಿಸಿ ಅಂತ." ಅವನ ಬಲಗೈ ಎಡಮಂಡಿಯ ಮೇಲೆ ಬಂದು, ಕೊಳವೆ ಶುರುವಾಗುವ ಜಾಗವನ್ನು ಹಿಸುಕುತ್ತಿತ್ತು. ಆಮೇಲೆ ಒಂದೇ ಸಲಕ್ಕೆ ಅವನ ಮುಖ ಬೇರೆಯಾಯಿತು. "ಹಾಗಾದ್ರೆ ನಾನು ಅಲ್ಲಾಡಿರ್ಲಿಲ್ಲ."

"ಇಲ್ಲ."

"ಬಿದ್ದಲ್ಲೇ ಇದ್ದೆ."

"ಹೂಂ."

"ಐದು ತಿಂಗಳಿಂದ ಹೇಳ್ತಾ ಇದೀನಿ ಅವ್ಳಿಗೆ. ಗುರುವಾರ ತಲೆ ಪರೀಕ್ಷೆಗೆ ಕರ್ಕೊಂಡು ಹೋಗ್ತಾಳಂತೆ, ಗೊತ್ತಾ ನಿಮ್ಗೆ?" ಟೋಲ್ಮನ್ ನಕ್ಕೇಬಿಟ್ಟ, ಕಣ್ಣಲ್ಲಿ ನೀರು ಬಂತು. ಆ ನಗುವನ್ನು ನೋಡಿ ಥೇನನ ಎದೆ ಹಗುರಾಯಿತು, ಮುಗಿಯಿತು, ಇಷ್ಟೇ, ಇಷ್ಟಕ್ಕೆ ಇಷ್ಟು ದಿನ ಹೆದರಿದೆನಲ್ಲ ಎಂದುಕೊಳ್ಳುವಷ್ಟರಲ್ಲಿ ನಗು ನಿಂತಿತು. "ನಾನು ಕೂಗಿದ್ದು ಕೇಳಿಸ್ತಾ?"

ಇದೊಂದನ್ನು ಅವನು ಕೇಳದಿರಲಿ ಎಂದು ಥೇನ್ ಐದು ತಿಂಗಳು ಪ್ರಾರ್ಥಿಸಿದ್ದ. "ಕೇಳಿಸ್ತು," ಎಂದ. "ಹಕ್ಕಿ ಅಂದ್ಕೊಂಡೆ."

"ಅಂದ್ಕೊಂಡ್ರಾ?"

"ಹಕ್ಕಿ ಅಂತ ನನಗೆ ನಾನೇ ಹೇಳ್ಕೊಂಡೆ."

ಟೋಲ್ಮನ್ ತಲೆಯಾಡಿಸಿದ. ಬೈಯುತ್ತಾನೆ, ಮೇಜು ಗುದ್ದುತ್ತಾನೆ ಎಂದು ಥೇನ್ ಕಾದ. ಅದು ಬೇಕಾಗಿತ್ತು ಅವನಿಗೆ. ಟೋಲ್ಮನ್ ಬೈಯಲಿಲ್ಲ. "ಮಧ್ಯದಲ್ಲಿ ನಕ್ಕಿದ್ರಿ," ಎಂದ, ಮೆಲ್ಲಗೆ. "ಇದನ್ನ ನಾನು ಯಾರಿಗೂ ಹೇಳಿಲ್ಲ. ನೋರೀನ್‌ಗೂ ಇಲ್ಲ. ದೇವದೂತ ನಗ್ತಾನೆ ಅಂದ್ರೆ ಜನ ನಗ್ತಾರೆ. ಆದ್ರೆ ನಂಗೆ ಜೀವ ಹಿಡಿಸಿದ್ದು ಅದೇ. ಅಲ್ಲಿ ಮೇಲೆ ನಗ್ತಾ ಇದಾರೆ ಅಂದ್ರೆ ನಂದೇನೂ ಅಂಥಾ ಕೆಟ್ಟ ಪರಿಸ್ಥಿತಿ ಅಲ್ಲ ಅಂದ್ಕೊಂಡೆ. ಯಾಕೆ ನಕ್ಕಿದ್ರಿ?"

"ನಮ್ಮ ಪಾಲುದಾರನ ಪೆಟ್ಟಿಗೆ ವಿಮಾನದಲ್ಲಿ ಅದಲು ಬದಲಾಗಿತ್ತು. ತೆಗೆದು ನೋಡಿದ್ರೆ ಪುಟ್ಟ ಮಕ್ಕಳ ಬಟ್ಟೆ. ಮಾರನೇ ದಿನದ ಮೀಟಿಂಗಿಗೆ ಅದನ್ನೇ ಹಾಕ್ಕೊಂಡು ಹೋಗ್ತೀನಿ ಅಂದ."

"ಅಷ್ಟೇನಾ."

"ಅಷ್ಟೇ."

ಹೊರಗೆ ಕಾರಿಡಾರಿನಲ್ಲಿ ಮಕ್ಕಳು ಓಡಿದ ಸದ್ದು, 'ಓಡಬೇಡ್ರೋ' ಎಂದು ಅವರಿಗಿಂತ ಜೋರಾಗಿ ಯಾರೋ ಕೂಗಿದ್ದು. ಆ ಗದ್ದಲದಲ್ಲೇ ಕೋಲ್ಬಿಯ ನಗುವೂ ಕೇಳಿಸಿತು. ಇಬ್ಬರೂ ಅದನ್ನು ಕೇಳಿದರು. ಟೋಲ್ಮನ್ ಕನ್ನಡಕ ಹಾಕಿಕೊಂಡ, ಕಾಗದವನ್ನು ಹತ್ತಿರಕ್ಕೆಳೆದ.

"ಎಲ್ಲರ ಮುಂದೆ ಹೇಳ್ತೀನಿ ನಾನು," ಎಂದ ಥೇನ್. "ಬಿಷಪ್ಪರಿಗೆ ಈಗಲೇ. ಸಿಸ್ಟರ್ ನೋರೀನ್‌ಗೆ ಹೇಳ್ತೀನಿ, ನಿಮ್ಮ ತಲೆ ಸರಿಯಿದೆ, ನೀವು ಹೇಳಿದ್ದೇ ನಿಜ ಅಂತ. ಚೀಟಿ ಬೇಡ ನಂಗೆ. ಶನಿವಾರ ಹೊರಗೆ ಕೂತ್ಕೊಳ್ತೀನಿ."

"ಪೆರಾಗ್ವೆಗೆ ಹೋಗ್ತಾನೆ ಅವನು," ಎಂದ ಟೋಲ್ಮನ್. "ಮನೆಮನೆ ಬಾಗ್ಲು ತಟ್ಟಿ ಇದನ್ನೇ ಹೇಳ್ತಾನೆ, ನಮ್ಮಪ್ಪ ಬೆಟ್ಟದಲ್ಲಿ ಬಿದ್ದಿದ್ದ ಅಂತ. ಸ್ಪ್ಯಾನಿಶ್‌ನಲ್ಲಿ ಬರೆದು ಬಾಯಿಪಾಠ ಮಾಡ್ತಾ ಇದಾನೆ. ಪೆಟ್ಟಿಗೆ ಅದಲು ಬದಲಾದ ಕಥೆ ಹೇಳ್ಬೇಕಾ ಇನ್ಮೇಲೆ?" ಅವನ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಐದು ವರ್ಷ ಅವ್ನ ತಾಯಿ ಅವ್ನ ರೂಮಿನ ಬಾಗ್ಲು ತೆಗೆದಿರ್ಲಿಲ್ಲ. ಈಗ ದಿನಾ ಬೆಳಿಗ್ಗೆ ತೆಗೆದು ಅವನನ್ನ ಎಬ್ಬಿಸ್ತಾಳೆ. ಕಾಲು ತಗೊಂಡ್ರಿ, ಆಯ್ತು. ಅವನನ್ನೂ ತಗೋಬೇಡಿ."

"ಮತ್ತೆ ಗುರುವಾರ? ನಿಮ್ಮ ತಲೆ ಪರೀಕ್ಷೆ?"

"ಹೋಗ್ತೀನಿ. ಡಾಕ್ಟರು ಏನೋ ಹೇಳ್ತಾರೆ. ನಾನು ತೆವಳಿದ್ದೆ ಅಂತ ಒಪ್ಕೊಳ್ತೀನಿ, ಅವ್ಳಿಗೂ ಸಮಾಧಾನ." ಟೋಲ್ಮನ್ ಕಾಗದದ ಮೇಲೆ ಬೆರಳಿಟ್ಟ. ಬೆರಳು ಆಗಿನ ಸಾಲಿಗೇ ಮರಳಿತ್ತು. ಓದುವಾಗ ಅವನ ದನಿ ಪುಸ್ತಕದ ದನಿಯಾಯಿತು. "ನೀವು ಮಾಡೋ ಎಲ್ಲದ್ರಲ್ಲೂ ಪ್ರಾಮಾಣಿಕವಾಗಿರೋಕೆ ಪ್ರಯತ್ನ ಮಾಡ್ತೀರಾ?"

ಇಲ್ಲ ಎಂದರೆ ಚೀಟಿಯಿಲ್ಲ. ಚೀಟಿಯಿಲ್ಲದಿದ್ದರೆ ಮಾರ್ಲಾ ಯಾಕೆ ಎನ್ನುತ್ತಾಳೆ, ಬ್ರಿನ್ಲಿ ಯಾಕೆ ಎನ್ನುತ್ತಾಳೆ, ಇಡೀ ಸಭೆ ಯಾಕೆ ಎನ್ನುತ್ತದೆ, ಶನಿವಾರದೊಳಗೆ ಕೋಲ್ಬಿಯ ಕಿವಿಗೂ ಬೀಳುತ್ತದೆ. ಇಲ್ಲಿಗೆ ಬರುವಾಗ ಎರಡು ದಾರಿಗಳಿದ್ದವು. ಒಂದು ತನ್ನನ್ನು ಉಳಿಸುವುದು, ಇನ್ನೊಂದು ಟೋಲ್ಮನ್ನನನ್ನು ಉಳಿಸುವುದು. ಎರಡನೆಯದನ್ನು ಹಿಡಿದೆ ಎಂದು ಅವನು ನಂಬಿದ್ದ. ಈಗ ನೋಡಿದರೆ ಎರಡೂ ಈ ಒಂದೇ ಸಾಲಿಗೆ ಬಂದು ನಿಂತಿವೆ.

"ನಿಮ್ಮ ಮಗಳ ಮದುವೆಗೋಸ್ಕರ ಅಲ್ಲ," ಎಂದ ಟೋಲ್ಮನ್. "ನನ್ನ ಮಗನಿಗೋಸ್ಕರ ಹೌದು ಅನ್ನಿ."

"ಹೌದು," ಎಂದ ಥೇನ್.

ಟೋಲ್ಮನ್ ಕಣ್ಣು ಮುಚ್ಚಿಕೊಂಡಿದ್ದ. "ಇನ್ನೊಂದ್ಸಲ," ಎಂದ.

"ಹೌದು."

"ಇದೇ ದನಿ," ಎಂದ ಟೋಲ್ಮನ್, ತನಗೆ ತಾನೇ ಹೇಳಿಕೊಂಡಂತೆ. ಕಣ್ಣು ತೆರೆದು, ಉಳಿದ ಪ್ರಶ್ನೆಗಳನ್ನು ಗಡಿಬಿಡಿಯಲ್ಲಿ ಓದಿ ಮುಗಿಸಿದ. ಚೀಟಿಯ ಮೇಲೆ ಸಹಿ ಹಾಕಿದ. ಫರ್ನೇಸ್ ರಿಪೇರಿಯ ಬಿಲ್ಲುಗಳ ಮೇಲೆ ಹಾಕುವ ಅದೇ ದೊಡ್ಡ ಸಹಿ. ಚೀಟಿಯನ್ನು ಮೇಜಿನ ಮೇಲೆ ಸರಿಸಿದ, ಕೈ ಚಾಚಲಿಲ್ಲ. ಮಂಗಳವಾರದ ಅಭ್ಯಾಸಕ್ಕೆ ಬೇರೆ ಯಾರಾದರೂ ಕರೆದುಕೊಂಡು ಹೋಗುತ್ತಾರೆ, ನೀವು ಬರುವುದು ಬೇಡ ಎಂದಷ್ಟೇ ಹೇಳಿದ.

ಬಾಗಿಲು ಎಳೆದುಕೊಂಡು ಥೇನ್ ಹೊರಗೆ ಬಂದ. ಆ ಬಾಗಿಲು ಹಳೆಯದು, ಹೊರಗಿನಿಂದ ಎಳೆದರೆ ಅಗುಳಿ ಹಿಡಿಯುವುದಿಲ್ಲ, ಒಂದು ಗೇಣು ತೆರೆದೇ ಉಳಿಯಿತು. ಕೋಟು ಹಾಕಿಕೊಂಡು ನಿಂತಿದ್ದ ಬ್ರಿನ್ಲಿ ಓಡಿಬಂದಳು. ಅವಳ ಹಿಂದೆ ನೋರೀನ್, ಕೋಲ್ಬಿ, ಮಾರ್ಲಾ, ನಾಲ್ಕೂ ಮುಖಗಳು ಅವನ ಕಡೆಗೇ.

"ಆಯ್ತಾ ಡ್ಯಾಡ್? ಕೊಟ್ರಾ?"

ಥೇನ್ ಬಾಯಿ ತೆರೆದ. ಇಲ್ಲಿ ಏನು ಹೇಳಿದರೂ ಒಳಗೆ ಕೂತವನಿಗೆ ಆ ದನಿಯೇ ಕೇಳಿಸುತ್ತದೆ. ಅವನು ಬಾಯಿ ಮುಚ್ಚಿ ಹೌದೆಂದು ತಲೆಯಾಡಿಸಿದ.

"ಏನಾಯ್ತು, ಮಾತೇ ಹೊರಡ್ತಿಲ್ಲ ನಿಂಗೆ?" ಎಂದು ನಕ್ಕಳು ಬ್ರಿನ್ಲಿ. "ಜೋರಾಗಿ ಹೇಳು, ಎಲ್ರಿಗೂ ಕೇಳಿಸ್ಲಿ."